ಚಿತ್ರ ಕುಗ್ಗಿಸುವ ಪುಟ್ಟ ಕಡತದ ಕಥೆ

ಮೊನ್ನೆ ಗೆಳೆಯರೊಬ್ಬರಿಂದ ಮಿಂಚಂಚೆ ಬಂತು. ತಮ್ಮ ಅಮ್ಮ ಹೇಳುತ್ತಿದ್ದ ಹಾಡು, ಒಗಟುಗಳನ್ನೆಲ್ಲ ಬರೆದಿಟ್ಟು ವರ್ಡ್‌ಪ್ರೆಸ್‌ನಲ್ಲಿ ಸ್ವಂತ ತಾಣ ಮಾಡಿಕೊಂಡವರು ಅವರು. ಅಮ್ಮ ಈಗಿಲ್ಲ. "ಸಾರ್, ಚಿತ್ರಗಳ ಅಳತೆ ಸರಿಮಾಡೋ ಒಂದು ಪ್ಲಗಿನ್ ಸಿಕ್ಕಿದೆ. ಪುಟ್ಟದು, ಪುಕ್ಕಟೆ. ಹಾಕ್ಕೊಳ್ಳಲಾ?" ಅಂತ ಕೇಳಿದ್ದರು. "ಹೂಂ" ಅಂದುಬಿಡಬಹುದಿತ್ತು. ಆದರೆ ಪ್ಲಗಿನ್ ವಿಷಯದಲ್ಲಿ "ಪುಟ್ಟದು" ಅನ್ನೋ ಮಾತು ಕೇಳಿದರೆ ನನಗೆ ೨೦೧೧ರ ಆಗಸ್ಟ್ ತಿಂಗಳು ನೆನಪಾಗುತ್ತದೆ. ಅವರಿಗೆ ಬರೆದ ಉತ್ತರವನ್ನೇ ಸ್ವಲ್ಪ ಬೆಳೆಸಿ ಇಲ್ಲಿ ಹಾಕುತ್ತಿದ್ದೇನೆ.

ಟಿಮ್‌ಥಂಬ್ ಅಂತ ಒಂದು ಕಡತ ಇತ್ತು. ಟಿಮ್ ಮೆಕ್‌ಡೇನಿಯಲ್ಸ್ ಮತ್ತು ಡ್ಯಾರೆನ್ ಹಾಯ್ಟ್ ಶುರುಮಾಡಿದ್ದು, ಆಮೇಲೆ ಬೆನ್ ಗಿಲ್‌ಬ್ಯಾಂಕ್ಸ್ ಸಾಕಿ ಬೆಳೆಸಿದ್ದು. ಕೆಲಸ ಒಂದೇ: ದೊಡ್ಡ ಚಿತ್ರ ಕೊಟ್ಟರೆ ಕೇಳಿದ ಅಳತೆಗೆ ಕತ್ತರಿಸಿ ಕೊಡುವುದು. ವರ್ಡ್‌ಪ್ರೆಸ್‌ನಲ್ಲಿ ಬರಹಕ್ಕೊಂದು ಮುಖಚಿತ್ರ ಅಂಟಿಸುವ ಸೌಲಭ್ಯ ಬಂದದ್ದೇ ೨೦೦೯ರ ಡಿಸೆಂಬರ್‌ನಲ್ಲಿ, ೨.೯ನೇ ಆವೃತ್ತಿಯ ಜತೆಗೆ. ಅದಕ್ಕೂ ಮೊದಲೇ ಬಂದಿದ್ದ ಈ ಕಡತ ಎಷ್ಟೋ ಥೀಮುಗಳ, ಪ್ಲಗಿನ್ನುಗಳ ಹೊಟ್ಟೆಯೊಳಗೆ ಸೇರಿಕೊಂಡುಬಿಟ್ಟಿತ್ತು. ತಾಣದ ಯಜಮಾನರಲ್ಲಿ ಬಹಳ ಜನಕ್ಕೆ ಅದರ ಹೆಸರೂ ಗೊತ್ತಿರಲಿಲ್ಲ.

ಮಾರ್ಕ್ ಮೌಂಡರ್ ಅನ್ನುವವರ ತಾಣದಲ್ಲಿ ಒಂದು ದಿನ ಇದ್ದಕ್ಕಿದ್ದಂತೆ ಜಾಹೀರಾತು ಕಾಣಿಸಿತು. ಅವರು ಜಾಹೀರಾತು ಹಾಕುವವರೇ ಅಲ್ಲ! ಹುಡುಕುತ್ತಾ ಹೋದಾಗ ದಾರಿ ಈ ಚಿತ್ರ ಕತ್ತರಿಸುವ ಕಡತದ ಬಾಗಿಲಿಗೇ ಬಂದು ನಿಂತಿತು. ೨೦೧೧ರ ಆಗಸ್ಟ್ ೧ರಂದು ಅವರು ಅದನ್ನೆಲ್ಲ ಬಿಡಿಸಿ ಬರೆದರು.

ತಪ್ಪು ಏನು ಗೊತ್ತಾ? ಟಿಮ್‌ಥಂಬ್ ಬೇರೆ ತಾಣಗಳಿಂದಲೂ ಚಿತ್ರ ತರುತ್ತಿತ್ತು. ಯಾರಿಂದ ತರಬಹುದು ಅನ್ನೋದಕ್ಕೆ ಒಂದು ಪಟ್ಟಿಯಿತ್ತು. ಫ್ಲಿಕರ್, ಪಿಕಾಸಾ, ವರ್ಡ್‌ಪ್ರೆಸ್... ಮತ್ತೆ ನಮ್ಮೆಲ್ಲರ ಬ್ಲಾಗರ್ ಕೂಡ :-) ಪಟ್ಟಿ ಇಟ್ಟದ್ದು ಒಳ್ಳೆಯದೇ. ಆದರೆ ವಿಳಾಸದೊಳಗೆ ಆ ಹೆಸರು ಎಲ್ಲಾದರೂ ಇದೆಯಾ ಅಂತಷ್ಟೇ ಅದು ನೋಡುತ್ತಿತ್ತು. ಜಾಲವಿಳಾಸದಲ್ಲಿ ಯಜಮಾನನ ಹೆಸರು ಇರುವುದು ಕೊನೆಯಲ್ಲಿ. ಹಾಗಾಗಿ 'ಬ್ಲಾಗರ್.ಕಾಮ್.ಕಳ್ಳತಾಣ.ಕಾಮ್' ಅಂತ ಬಂದರೆ ಅದು ಕಳ್ಳನದೇ ಮನೆ. ಮದುವೆ ಛತ್ರದ ಬಾಗಿಲಲ್ಲಿ ನಿಂತವನು "ರಾಮಣ್ಣ" ಅನ್ನೋ ಶಬ್ದ ಕಿವಿಗೆ ಬಿದ್ದರೆ ಸಾಕು ಅಂತ, "ನಾನು ರಾಮಣ್ಣನ ಬೀದಿಯವನು" ಅಂದವನನ್ನೂ ಒಳಗೆ ಬಿಟ್ಟಹಾಗೆ!

ಇಷ್ಟೇ ಆಗಿದ್ದರೆ ಹೇಗೋ ಉಳಿದುಕೊಳ್ಳಬಹುದಿತ್ತು. ತಂದದ್ದನ್ನು ಅದು ಸಂಗ್ರಹಿಸಿಡುತ್ತಿದ್ದ ಜಾಗ ತಾಣದೊಳಗೇ ಇತ್ತು, ಹೊರಗಿನವರು ವಿಳಾಸ ಒತ್ತಿ ತೆರೆಯಬಹುದಾಗಿತ್ತು. ಚಿತ್ರದ ವೇಷದಲ್ಲಿ ಪಿಎಚ್‌ಪಿ ಕಡತ ಬಂದು ಅಲ್ಲಿ ಕೂತರೆ, ಕಳ್ಳ ಅದರ ವಿಳಾಸ ಒತ್ತುತ್ತಾನೆ, ಅದು ನಮ್ಮ ಯಂತ್ರದಲ್ಲೇ ಓಡುತ್ತದೆ. ಬಿಡಿಯಾಗಿ ನೋಡಿದರೆ ಎರಡೂ ಸಣ್ಣ ಅಜಾಗರೂಕತೆಗಳು. ಒಟ್ಟಿಗೆ ಸೇರಿದಾಗ ಇಡೀ ತಾಣವೇ ಕಳ್ಳನ ಕೈಗೆ.

ಈ ಇತಿಹಾಸದಲ್ಲಿ ನನಗೆ ಇಷ್ಟವಾದ ಭಾಗ ಮುಂದಿನದು. ಮೌಂಡರ್ ಬರೀ ಬೈದು ಸುಮ್ಮನಾಗಲಿಲ್ಲ. ಕಡತವನ್ನು ಹೊಸದಾಗಿ ಬರೆದು ವರ್ಡ್‌ಥಂಬ್ ಅಂತ ಹೆಸರಿಟ್ಟರು. ಗಿಲ್‌ಬ್ಯಾಂಕ್ಸ್ ಕೂಡ ಮುನಿಸಿಕೊಳ್ಳಲಿಲ್ಲ. ಇಬ್ಬರೂ ಸೇರಿ ಅದೇ ತಿಂಗಳು ಅದನ್ನು ಟಿಮ್‌ಥಂಬ್ ೨.೦ ಮಾಡಿದರು. ಹೆಸರನ್ನು ವಿಳಾಸದ ಕೊನೆಯಿಂದ ಹೊಂದಿಸಿ ನೋಡುವ ಕ್ರಮ ಬಂತು, ಸಂಗ್ರಹಿಸಿಟ್ಟ ಕಡತ ಓಡದಂತೆ ತಡೆಯೂ ಬಂತು. ಮೌಂಡರ್ ಮುಂದೆ ವರ್ಡ್‌ಫೆನ್ಸ್ ಅನ್ನುವ ಕಾವಲು ಪ್ಲಗಿನ್ ಕಟ್ಟಿದರು.

ಆದರೆ ಮೂಲವನ್ನು ಸರಿಮಾಡಿದರೆ ಮುಗಿಯಿತೆ? ಹಳೆಯ ನಕಲುಗಳು ಇನ್ನೊಬ್ಬರ ಥೀಮುಗಳೊಳಗೆ ಹಾಗೇ ಕೂತಿದ್ದವು. ಯಾರಾದರೂ ಹೋಗಿ ಬದಲಿಸದಿದ್ದರೆ ತಾವಾಗಿ ಬದಲಾಗುವಂಥವಲ್ಲ. ನಾನೂ ಆಗ ನನ್ನ ಒಂದು ತಾಣದ ಕಡತಗಳನ್ನು ಜಾಲಾಡಿದೆ. ಬಳಸುತ್ತಿದ್ದ ಥೀಮಿನಲ್ಲಿ ಇರಲಿಲ್ಲ, ನಿಟ್ಟುಸಿರು ಬಿಟ್ಟೆ. ಎಂದೋ ಹಾಕಿ ಮರೆತಿದ್ದ ಇನ್ನೊಂದು ಥೀಮಿನಲ್ಲಿ ಇತ್ತು! ಬಳಸದಿದ್ದರೂ ಕಡತ ಅಲ್ಲಿದ್ದರೆ ಅದರ ವಿಳಾಸ ಒತ್ತಿದವರಿಗೆಲ್ಲ ಬಾಗಿಲು ತೆರೆದೇ ಇರುತ್ತದೆ. ಆ ಥೀಮನ್ನು ಅಂದೇ ಅಳಿಸಿದೆ. ೨೦೧೪ರ ಜೂನ್‌ನಲ್ಲಿ ಟಿಮ್‌ಥಂಬ್‌ನ ಇನ್ನೊಂದು ಸೌಲಭ್ಯದಲ್ಲಿ ತೂತು ಕಂಡಿತು. ಅದೇ ಸೆಪ್ಟೆಂಬರ್‌ನಲ್ಲಿ ಗಿಲ್‌ಬ್ಯಾಂಕ್ಸ್ ಇನ್ನು ಇದನ್ನು ನೋಡಿಕೊಳ್ಳುವುದಿಲ್ಲ ಅಂತ ಘೋಷಿಸಿದರು.

ಗೆಳೆಯರಿಗೆ ಕೊನೆಗೆ ಇಷ್ಟು ಬರೆದೆ. ಪ್ಲಗಿನ್ ಎಷ್ಟು ಚಿಕ್ಕದು, ಎಷ್ಟು ಜನ ಬಳಸುತ್ತಾರೆ ಅನ್ನೋದು ಅಳತೆಗೋಲಲ್ಲ. ಟಿಮ್‌ಥಂಬ್ ಚಿಕ್ಕದೂ ಹೌದು, ಜನಪ್ರಿಯವೂ ಹೌದು. ಕೇಳಬೇಕಾದ್ದು ನಾಲ್ಕು: ಇದು ಹೊರಗಿನಿಂದ ಏನನ್ನು ಒಳಗೆ ತರುತ್ತೆ? ತಂದದ್ದನ್ನು ಎಲ್ಲಿ ಇಡುತ್ತೆ? ಯಾರನ್ನು, ಏನು ನೋಡಿ ನಂಬುತ್ತೆ? ನಾಳೆ ತೂತು ಬಿದ್ದರೆ ಮುಚ್ಚುವವರು ಯಾರು? ಇದಕ್ಕೆಲ್ಲ ಉತ್ತರ ಸಿಕ್ಕರೆ ಹಾಕಿಕೊಳ್ಳಿ. ಸಿಗದಿದ್ದರೆ ಚಿತ್ರಗಳನ್ನು ಮನೆಯ ಗಣಕದಲ್ಲೇ ಚಿಕ್ಕದು ಮಾಡಿ ಏರಿಸಿ. ಹತ್ತು ನಿಮಿಷ ಹೆಚ್ಚು ಹಿಡಿಯಬಹುದು. ಮತ್ತೆ, ಅಮ್ಮನ ಹಾಡುಗಳ ಒಂದು ಪ್ರತಿ ತಾಣದ ಹೊರಗೂ ಇರಲಿ, ಇವತ್ತೇ.

ಸಂಜೆ ಮರುಟಪಾಲು ಬಂತು: "ಪ್ಲಗಿನ್ ಬೇಡ ಬಿಡಿ ಸಾರ್. ಹಾಡುಗಳನ್ನು ಪೆನ್‌ಡ್ರೈವ್‌ಗೆ ಹಾಕಿ ತಂಗಿ ಮನೆಯಲ್ಲಿ ಇಟ್ಟೆ."

ನಿಮ್ಮ ಹಳೇ ಥೀಮುಗಳ ಅಟ್ಟದಲ್ಲಿ ಏನೇನಿದೆ? ಒಮ್ಮೆ ಹತ್ತಿ ನೋಡ್ತೀರಲ್ಲ?