ಶಾಲೆಯ ಸಿಬ್ಬಂದಿ: ಎಣಿಕೆಯ ಒಳಗಿನವರು, ಹೊರಗಿನವರು

ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯೊಂದರ ಇತಿಹಾಸವನ್ನು ಬರೆಯಹೊರಟವರು ಸಾಮಾನ್ಯವಾಗಿ ಶಾಲೆ ತೆರೆದ ವರ್ಷ, ಮುಖ್ಯೋಪಾಧ್ಯಾಯರ ಹೆಸರುಗಳು, ಮಂಜೂರಾದ ಹುದ್ದೆಗಳ ಸಂಖ್ಯೆ ಇವಿಷ್ಟನ್ನು ದಾಖಲಿಸಿ ಮುಗಿಸುತ್ತಾರೆ. ಗಂಟೆ ಹೊಡೆದವರು ಯಾರು, ಅಂಗಳ ಗುಡಿಸಿದವರು ಯಾರು, ಮೇಷ್ಟ್ರು ಇನ್ನೊಂದು ತರಗತಿಯಲ್ಲಿದ್ದಾಗ ಚಿಕ್ಕವರಿಗೆ ಮಗ್ಗಿ ಹೇಳಿಕೊಟ್ಟವರು ಯಾರು ಎಂಬ ಪ್ರಶ್ನೆಗಳು ಅಲ್ಲಿ ವಿರಳ. ಜಾನಪದ ಅಧ್ಯಯನಕ್ಕೆ ಮುಖ್ಯವಾದವು ಈ ಪ್ರಶ್ನೆಗಳೇ. ನಮ್ಮ ಶಾಲೆಗಳು ಮಂಜೂರಾದ ಸಿಬ್ಬಂದಿಯಿಂದಷ್ಟೇ ನಡೆದುಬಂದವಲ್ಲ. ಲೆಕ್ಕಕ್ಕೆ ಬಾರದ ಕೈಗಳೂ ಅವನ್ನು ನಡೆಸಿವೆ ಎಂಬುದು ಪ್ರಸ್ತುತ ಲೇಖನದ ನಿಲುವು.

ಈ ಮಾತಿಗೆ ಹಳೆಯ ಲಿಖಿತ ಆಧಾರವೊಂದಿದೆ. ಮದರಾಸು ಪ್ರಾಂತದ ಗವರ್ನರನಾಗಿದ್ದ ಥಾಮಸ್ ಮನ್ರೋ 1822ರಲ್ಲಿ ದೇಶೀಯ ಶಾಲೆಗಳ ವಿವರಗಳನ್ನು ಕೇಳಿದಾಗ, ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಬೆಲ್ 1823ರಲ್ಲಿ ವಿಸ್ತಾರವಾದ ವರದಿಯನ್ನು ಕಳುಹಿಸಿದನು. ಅಂದಿನ ವಿಶಾಲ ಬಳ್ಳಾರಿ ಜಿಲ್ಲೆಯಲ್ಲಿ 533 ಶಾಲೆಗಳು, ಅವುಗಳಲ್ಲಿ 235 ಕನ್ನಡದವು, 226 ತೆಲುಗಿನವು. ಒಟ್ಟು ವಿದ್ಯಾರ್ಥಿಗಳು 6,641. ಅಂದರೆ ಶಾಲೆಯೊಂದಕ್ಕೆ ಸುಮಾರು ಹನ್ನೆರಡು ಮಕ್ಕಳು. ಹುಡುಗಿಯರು ಕೇವಲ 60. ಬಟ್ಟೆಯ ಕೈಗಾರಿಕೆಯ ಕುಸಿತದಿಂದ ಬಡವಾದ ಕುಟುಂಬಗಳು ಮಕ್ಕಳನ್ನು ಓದಿಸಲಾರದೆ ಹೋಗಿವೆ ಎಂದು ಕ್ಯಾಂಬೆಲ್ ಸ್ಪಷ್ಟವಾಗಿಯೇ ಬರೆದಿದ್ದಾನೆ. ಧರ್ಮಪಾಲ್ ಅವರು 1983ರಲ್ಲಿ ಈ ದಾಖಲೆಗಳನ್ನು ಸಂಪಾದಿಸಿ ಪ್ರಕಟಿಸಿದ ಮೇಲೆ ಅಂಕಿಸಂಖ್ಯೆಗಳ ಸುತ್ತ ಸಾಕಷ್ಟು ಚರ್ಚೆಯಾಗಿದೆ. ಶಾಲೆಯ ದಿನಚರಿಯ ಭಾಗವು ಅಷ್ಟು ಗಮನ ಪಡೆದಿಲ್ಲ.

ಆ ದಿನಚರಿ ಸ್ವಾರಸ್ಯಕರವಾಗಿದೆ. ಬೆಳಗಿನ ಆರು ಗಂಟೆಗೆ ಮೊದಲು ಬಂದ ಮಗುವಿನ ಅಂಗೈಯಲ್ಲಿ ಗೌರವಾರ್ಥವಾಗಿ ಸರಸ್ವತಿಯ ಹೆಸರು; ಎರಡನೆಯವನಿಗೆ ಸೊನ್ನೆ, ಹೊಗಳಿಕೆಯೂ ಇಲ್ಲ ತೆಗಳಿಕೆಯೂ ಇಲ್ಲ ಎಂಬರ್ಥದಲ್ಲಿ; ಮೂರನೆಯವನಿಗೆ ಒಂದು ಮೆಲ್ಲನೆಯ ಏಟು, ನಾಲ್ಕನೆಯವನಿಗೆ ಎರಡು. ಬಳಿಕ ಮಕ್ಕಳು ಗುಂಪುಗಳಾಗುತ್ತಿದ್ದರು. ಕಿರಿಯರ ಪಾಠದ ಬಹುಭಾಗವು ಹಿರಿಯ ವಿದ್ಯಾರ್ಥಿಗಳ ಹೊಣೆಯಾಗಿತ್ತು. ಒಬ್ಬನೇ ಗುರು ಹಲವು ಗುಂಪುಗಳನ್ನು ನಡೆಸಬಲ್ಲವನಾದದ್ದು ಹೀಗೆ. ಆಂಡ್ರ್ಯೂ ಬೆಲ್ ಮದರಾಸಿನ ಅನಾಥಾಲಯದಲ್ಲಿ ಇಂಥದೇ ಕ್ರಮವನ್ನು ಅನುಸರಿಸಿ, 1797ರಲ್ಲಿ ಅದರ ವಿವರವನ್ನು ಪ್ರಕಟಿಸಿದ್ದನು. ಇಂಗ್ಲೆಂಡಿನಲ್ಲಿ ಬೆಲ್ ಮತ್ತು ಲ್ಯಾಂಕಾಸ್ಟರರ ಹೆಸರಿನಲ್ಲಿ ಅದು ಹಬ್ಬಿತು. ನಮ್ಮ ತರಗತಿಗಳ 'ಮಾನಿಟರ್' ಎಂಬ ಮಾತು ಆ ಪದ್ಧತಿಯ ಪರಿಭಾಷೆಯದೇ. ಜಗಲಿಯಿಂದ ಹೊರಟ ರೂಢಿಗೆ ಇಂಗ್ಲಿಷ್ ಹೆಸರು ತಗುಲಿಕೊಂಡಿತೆನ್ನಬಹುದು.

ಐಗಳ ಮಠ, ಕೂಲಿಮಠ, ಗಾಂವಠಿ ಶಾಲೆ ಎಂದು ಪ್ರದೇಶಕ್ಕೊಂದು ಹೆಸರಿದ್ದ ಈ ವ್ಯವಸ್ಥೆ ಮರೆಯಾದರೂ ಒಬ್ಬನೇ ಗುರುವಿನ ಸ್ಥಿತಿ ಮರೆಯಾಗಲಿಲ್ಲ. ಇಪ್ಪತ್ತನೆಯ ಶತಮಾನದ ಏಕೋಪಾಧ್ಯಾಯ ಶಾಲೆ ಅದರ ಮುಂದುವರಿಕೆಯೇ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಅನುಸರಿಸಿ 1987ರಲ್ಲಿ ಆರಂಭವಾದ 'ಕಪ್ಪುಹಲಗೆ ಕಾರ್ಯಾಚರಣೆ'ಯು ಶಾಲೆಗೆ ಕನಿಷ್ಠ ಇಬ್ಬರು ಶಿಕ್ಷಕರಿರಬೇಕು, ಸಾಧ್ಯವಾದಷ್ಟೂ ಅವರಲ್ಲೊಬ್ಬರು ಮಹಿಳೆಯಾಗಿರಬೇಕು ಎಂದಿತು. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ನಲಿಕಲಿಯು ಬಹುತರಗತಿಯ ವಾಸ್ತವವನ್ನೇ ಒಪ್ಪಿಕೊಂಡು, ಸಹಪಾಠಿಗಳ ನೆರವಿನಿಂದ ಕಲಿಯುವ ಗುಂಪುಗಳನ್ನು ರೂಪಿಸಿತು. ಆದರೆ ಒಂದು ವ್ಯತ್ಯಾಸವನ್ನು ಗಮನಿಸಬೇಕು. ನಲಿಕಲಿಯಲ್ಲಿ ಅದು ಯೋಚಿಸಿ ಆರಿಸಿಕೊಂಡ ವಿಧಾನ. ಹುದ್ದೆ ಖಾಲಿ ಇರುವ ಶಾಲೆಯ ಏಳನೆಯ ತರಗತಿಯ ಹುಡುಗಿ ಮೂರನೆಯ ತರಗತಿಯವರನ್ನು ಸುಮ್ಮನಿರಿಸುವುದು ವಿಧಾನವಲ್ಲ, ಕೊರತೆ. ಎರಡನ್ನೂ 'ದೇಶೀಯ ಪದ್ಧತಿ' ಎಂದು ಹೊಗಳುವ ವಿದ್ವಾಂಸರ ಉತ್ಸಾಹವನ್ನು ಪ್ರಸ್ತುತ ಲೇಖಕ ಹಂಚಿಕೊಳ್ಳಲಾರ.

2009ರಲ್ಲಿ ಅಂಗೀಕಾರವಾಗಿ 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯು ಈ ಎಣಿಕೆಗೆ ಶಾಸನಬಲ ನೀಡಿತು. ಆರರಿಂದ ಎಂಟನೆಯ ತರಗತಿಗಳಿಗೆ ತರಗತಿಗೆ ಒಬ್ಬರಾದರೂ ಶಿಕ್ಷಕರು. ವಿಜ್ಞಾನ-ಗಣಿತ, ಸಮಾಜ ವಿಜ್ಞಾನ, ಭಾಷೆ ಇವುಗಳಿಗೆ ತಲಾ ಒಬ್ಬರು. ಮೂವತ್ತೈದು ಮಕ್ಕಳಿಗೆ ಒಬ್ಬರು. ಮಕ್ಕಳು ನೂರನ್ನು ಮೀರಿದರೆ ಪೂರ್ಣಾವಧಿ ಮುಖ್ಯಶಿಕ್ಷಕರು, ಜೊತೆಗೆ ಕಲೆ, ದೈಹಿಕ ಶಿಕ್ಷಣ, ಕಾರ್ಯಶಿಕ್ಷಣಗಳಿಗೆ ಅರೆಕಾಲಿಕ ಬೋಧಕರು. ಮಂಜೂರಾದ ಹುದ್ದೆಗಳಲ್ಲಿ ಶೇಕಡಾ 10ಕ್ಕಿಂತ ಹೆಚ್ಚು ಖಾಲಿ ಇರಕೂಡದು. ಕಾಯಿದೆಯ ಅನುಸೂಚಿಯು ಗ್ರಂಥಾಲಯವನ್ನು ಹೇಳುತ್ತದೆ, ಗ್ರಂಥಪಾಲಕನನ್ನು ಹೇಳುವುದಿಲ್ಲ. ಶೌಚಾಲಯವನ್ನು ಹೇಳುತ್ತದೆ, ತೊಳೆಯುವವರನ್ನು ಹೇಳುವುದಿಲ್ಲ. ಅಡುಗೆಮನೆಯುಂಟು, ಅಡುಗೆಯವರಿಲ್ಲ. ಜವಾನ, ಗುಮಾಸ್ತ ಎಂಬ ಪದಗಳ ಸುಳಿವೇ ಇಲ್ಲ.

ಅಡುಗೆಯವರ ಲೆಕ್ಕ ಬೇರೊಂದು ಕಡತದಲ್ಲಿದೆ. ಕರ್ನಾಟಕದಲ್ಲಿ 2002ರಲ್ಲಿ ಈಶಾನ್ಯ ಭಾಗದ ಏಳು ಜಿಲ್ಲೆಗಳಲ್ಲಿ ಅಕ್ಷರ ದಾಸೋಹ ಆರಂಭವಾಯಿತು. ಕೇಂದ್ರದ 2009ರ ಮಾನದಂಡದಂತೆ 25 ಮಕ್ಕಳವರೆಗೆ ಒಬ್ಬರು, 26ರಿಂದ 100ರವರೆಗೆ ಇಬ್ಬರು, ಮುಂದಿನ ಪ್ರತಿ ನೂರಕ್ಕೆ ಇನ್ನೊಬ್ಬರು. ತಿಂಗಳಿಗೆ ಆಗ ನಿಗದಿಯಾದದ್ದು 1,000 ರೂಪಾಯಿ. ಅದರ ಹೆಸರು ಸಂಬಳವಲ್ಲ, ಗೌರವಧನ. ಹಳ್ಳಿಯ ಆಯಗಾರನಿಗೆ ಕಣದಲ್ಲಿ ಸಲ್ಲುತ್ತಿದ್ದ ಆಯವಾದರೂ ಹಕ್ಕಿನ ಪಾಲೆಂದು ಎಣಿಕೆಯಾಗುತ್ತಿತ್ತು. ಈ ನೇಮಕದಲ್ಲಿ ದಲಿತರು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದ್ಯತೆ ನೀಡಬೇಕೆಂದು ಸರ್ವೋಚ್ಚ ನ್ಯಾಯಾಲಯ 2004ರ ಏಪ್ರಿಲ್‌ನಲ್ಲಿ ಆದೇಶಿಸಿತು. ಅಡುಗೆಯಾಕೆಯ ಜಾತಿಯ ಕಾರಣಕ್ಕೆ ಮಕ್ಕಳನ್ನು ಪಂಕ್ತಿಯಿಂದ ಎಬ್ಬಿಸಿದ ಪ್ರಸಂಗಗಳು ಆ ಬಳಿಕವೂ ನಮ್ಮ ರಾಜ್ಯದಿಂದ ವರದಿಯಾಗಿವೆ.

ಮಕ್ಕಳ ಸಂಬೋಧನೆಗಳಲ್ಲಿಯೂ ಈ ಭೇದ ಕಾಣುತ್ತದೆ. ಮೇಷ್ಟ್ರು, ಟೀಚರು, ಮಿಸ್ಸು ಇವು ಹುದ್ದೆಯ ಹೆಸರುಗಳು. ಅಡುಗೆಮನೆಯವರು ಅಕ್ಕ, ದೊಡ್ಡಮ್ಮ, ಅಜ್ಜಿ ಆಗುತ್ತಾರೆ. ನಂಟಿನ ಈ ಹೆಸರುಗಳನ್ನು ಅಕ್ಕರೆಯೆಂದಷ್ಟೇ ಓದಿದರೆ ಸಾಲದು. ಮನೆಯಲ್ಲಿ ಹೆಂಗಸಿನ ದುಡಿಮೆಗೆ ಕೂಲಿ ಕೇಳದ ರೂಢಿಯೂ ಅವುಗಳೊಂದಿಗೇ ಶಾಲೆಯ ಹೊಸ್ತಿಲು ದಾಟಿ ಬಂದಿದೆ.