ಹೆಸರಿನಲ್ಲಿ ಅಡಗಿದ ರಾಗ

೧೯೧೩ನೆಯ ಇಸವಿಯ ಡಿಸೆಂಬರ್ ೨೧ರಂದು ನ್ಯೂಯಾರ್ಕಿನ ‘ವರ್ಲ್ಡ್’ ಪತ್ರಿಕೆಯಲ್ಲಿ ಆರ್ಥರ್ ವಿನ್ ಎಂಬವನು ವಜ್ರಾಕೃತಿಯಲ್ಲಿ ಚೌಕಗಳನ್ನು ಜೋಡಿಸಿ ಒಂದು ಅಕ್ಷರದ ಆಟವನ್ನು ಪ್ರಕಟಿಸಿದನು. ನಮ್ಮ ಪತ್ರಿಕೆಗಳ ಪದಬಂಧವು ಅದರ ಸಂತಾನವೇ ಸರಿ. ಈ ಆಟದಲ್ಲಿ ಒಂದು ವಿಶೇಷ ಜಾತಿಯುಂಟು. ಅಲ್ಲಿ ಚೌಕಗಳನ್ನೆಲ್ಲ ತುಂಬಿದ ಮೇಲೂ ಕೆಲಸ ಮುಗಿಯದು. ಉತ್ತರಗಳ ಮೊದಲಕ್ಷರಗಳನ್ನು ಆಯ್ದು ಜೋಡಿಸಿದಾಗ ಯಾವುದೋ ಒಂದು ವಾದ್ಯವೋ ರಾಗವೋ ಹೊರಬೀಳಬೇಕು. ಇದು ಪಾಶ್ಚಾತ್ಯರ ಬುದ್ಧಿಯ ಚಮತ್ಕಾರವೆಂದು ನಾವು ಬಹುಕಾಲ ನಂಬಿದ್ದೆವು.

ಆದರೆ ಒಗಟನ್ನೂ ಸಂಗೀತವನ್ನೂ ಒಂದೇ ಸಭೆಯಲ್ಲಿ ಕೂರಿಸಿದ ಅರಸನೊಬ್ಬನು ನಮ್ಮಲ್ಲಿಯೇ ಇದ್ದನು. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ ೧೧೨೯ರ ಸುಮಾರಿನ ಗ್ರಂಥ. ಅದರ ನೂರು ಅಧ್ಯಾಯಗಳಲ್ಲಿ ಗೀತವಿನೋದವುಂಟು, ವಾದ್ಯವಿನೋದವುಂಟು, ಪ್ರಹೇಲಿಕಾಕ್ರೀಡೆಯೂ ಉಂಟು. ಪ್ರಹೇಲಿಕೆಯೆಂದರೆ ಒಗಟು. ಪಂಡಿತರ ಗೋಷ್ಠಿಯ ವಿನೋದಕ್ಕೂ, ಜನಸಂದಣಿಯ ನಡುವೆ ಬಲ್ಲವರು ಗುಟ್ಟಾಗಿ ಮಾತಾಡಿಕೊಳ್ಳುವುದಕ್ಕೂ ಅದು ಸಾಧನವೆಂದು ದಂಡಿಯು ಅದಕ್ಕೂ ಮೊದಲೇ ಹೇಳಿದ್ದನು.

ಈ ಚಾಲುಕ್ಯರ ಕೈಕೆಳಗೆ ನೊಳಂಬವಾಡಿ ಮೂವತ್ತೆರಡು ಸಾಸಿರವನ್ನು ಆಳುತ್ತಿದ್ದವರು ಉಚ್ಚಂಗಿಯ ಪಾಂಡ್ಯರು. ಅವರ ಗಿರಿದುರ್ಗ ಇಂದು ಹರಪನಹಳ್ಳಿ ತಾಲ್ಲೂಕಿನಲ್ಲಿದೆ. ನಮ್ಮ ಕಥೆಯೂ ಅಲ್ಲಿಯೇ ನಡೆಯುವುದು.

ಕಥೆಗೆ ಮುಂಚೆ ಒಂದು ಲೆಕ್ಕವನ್ನು ತಿಳಿದುಕೊಳ್ಳಬೇಕು. ಅಕ್ಷರಗಳಿಗೆ ಅಂಕಿಗಳನ್ನು ಕೊಡುವ ಕಟಪಯಾದಿ ಕ್ರಮವನ್ನು ಜ್ಯೋತಿಷಿಗಳು ಬಹು ಹಿಂದಿನಿಂದ ಬಳಸುತ್ತಿದ್ದರು. ಕಕಾರದಿಂದ ಝಕಾರದವರೆಗೆ ಒಂದರಿಂದ ಒಂಬತ್ತು. ಟಕಾರದಿಂದ ಧಕಾರದವರೆಗೆ ಮತ್ತೆ ಹಾಗೆಯೇ. ಪವರ್ಗಕ್ಕೆ ಒಂದರಿಂದ ಐದು. ಯಕಾರದಿಂದ ಹಕಾರದವರೆಗೆ ಒಂದರಿಂದ ಎಂಟು, ಳಕಾರಕ್ಕೆ ಒಂಬತ್ತು. ಞಕಾರ, ನಕಾರ ಮತ್ತು ಬರಿಯ ಸ್ವರಗಳು ಸೊನ್ನೆ. ಬಂದ ಅಂಕಿಗಳನ್ನು ಹಿಂದುಮುಂದಾಗಿ ಓದಬೇಕು.

ತಂಜಾವೂರಿನ ನಾಯಕರ ಮಂತ್ರಿಯಾಗಿದ್ದ ಗೋವಿಂದ ದೀಕ್ಷಿತನು ಹೊಯ್ಸಳ ಕರ್ನಾಟಕ ಬ್ರಾಹ್ಮಣ. ಅವನ ಮಗ ವೆಂಕಟಮಖಿಯು ಹದಿನೇಳನೆಯ ಶತಮಾನದಲ್ಲಿ, ವಿಜಯರಾಘವ ನಾಯಕನ ಆಶ್ರಯದಲ್ಲಿ, ‘ಚತುರ್ದಂಡೀ ಪ್ರಕಾಶಿಕೆ’ಯನ್ನು ಬರೆದು ೭೨ ಮೇಳಗಳ ಚೌಕಟ್ಟನ್ನು ಹಾಕಿದನು. ಅವನ ಕಾಲದಲ್ಲಿ ಬಳಕೆಯಲ್ಲಿದ್ದುವು ೧೯ ಮಾತ್ರ. ಮಿಕ್ಕವು ಬರಿಯ ಚೌಕಗಳು, ತುಂಬುವವರಿಗಾಗಿ ಕಾದಿದ್ದುವು. ಅನಂತರ ಬಂದವರು ಪ್ರತಿಯೊಂದಕ್ಕೂ ಅದರ ಸಂಖ್ಯೆಯನ್ನು ಬಚ್ಚಿಟ್ಟುಕೊಂಡ ಹೆಸರನ್ನಿಟ್ಟರು. ಹಳೆಯ ಶಂಕರಾಭರಣಕ್ಕೆ ‘ಧೀರ’ ಎಂಬುದನ್ನು ಹಚ್ಚಿದರು: ಧ ಒಂಬತ್ತು, ರ ಎರಡು, ತಿರುಗಿಸಿದರೆ ೨೯. ಕಲ್ಯಾಣಿಗೆ ‘ಮೇಚ’: ೬೫. ತೋಡಿಗೆ ‘ಹನುಮ’: ೮. ಹೆಸರು ಸುಳಿವು, ಸಂಖ್ಯೆ ಬೀಗದಕೈ, ಒಳಗಿರುವುದು ರಾಗ. ಇದಕ್ಕಿಂತ ಒಳ್ಳೆಯ ಸಂಗೀತ ಪದಬಂಧವುಂಟೆ?

ಒಂದು ರಾತ್ರಿ ನಾವು ಈ ಬೀಗದಕೈಯನ್ನು ಉಚ್ಚಂಗಿಯ ಸೀಮೆಯ ಹೆಸರುಗಳಿಗೆ ಹಾಕಿ ನೋಡಿದೆವು. ಹರಪನಹಳ್ಳಿ: ಹ ಎಂಟು, ರ ಎರಡು; ೨೮, ಹರಿಕಾಂಭೋಜಿ! ಕೂಡ್ಲಿಗಿ: ೩೧, ಯಾಗಪ್ರಿಯ. ಕೊಟ್ಟೂರು: ೧೧, ಕೋಕಿಲಪ್ರಿಯ. ಹಡಗಲಿ: ೩೮, ಜಲಾರ್ಣವ. ಹಗರಿಬೊಮ್ಮನಹಳ್ಳಿಗೂ ಅದೇ ೩೮, ಅದೇ ಜಲಾರ್ಣವ. ಒಂದು ಊರಿನ ಹೆಸರಿನಲ್ಲಿ ಹಡಗು ಕಾಣುತ್ತಿದೆ, ಇನ್ನೊಂದರಲ್ಲಿ ಹಗರಿ ಹೊಳೆ ಹರಿಯುತ್ತಿದೆ. ರಾಗದ ಹೆಸರೋ ನೀರಿನ ಕಡಲು! ಕೊನೆಗೆ ಉಚ್ಚಂಗಿ: ಉ ಸೊನ್ನೆ, ಚ ಆರು; ೬೦, ನೀತಿಮತಿ. ದೀಪದ ಎಣ್ಣೆ ತೀರುವವರೆಗೆ ನಮಗೆ ನಿದ್ದೆ ಬರಲಿಲ್ಲ. ಪ್ರಾಚೀನರು ಊರೂರಿನ ಹೆಸರಿನಲ್ಲಿ ರಾಗವನ್ನು ಹೂತಿಟ್ಟಿದ್ದಾರೆಂದು ಒಂದು ಲೇಖನವನ್ನು ಬರೆಯಲು ಕಾಗದವನ್ನೂ ತೆಗೆದೆವು.

ಬೆಳಗಾದ ಮೇಲೆ ಬುದ್ಧಿ ಬಂದಿತು. ಬಳ್ಳಾರಿಯನ್ನು ಎಣಿಸಿದೆವು: ೯೩. ಹೊಸಪೇಟೆ: ೭೮. ೨೦೨೧ರಲ್ಲಿ ಹುಟ್ಟಿದ ಜಿಲ್ಲೆಗೆ ಹೆಸರಾದ ವಿಜಯನಗರವೇ ೮೪. ಈ ಸಂಖ್ಯೆಗಳಿಗೆ ಮೇಳವೇ ಇಲ್ಲ. ಬಳ್ಳಾರಿಯ ಳಕಾರವನ್ನು ಲಕಾರವಾಗಿ ಓದಿದರೆ ೩೩, ಗಾಂಗೇಯಭೂಷಣಿ ಸಿಕ್ಕುತ್ತದೆ. ಹಾಗೆ ಓದಲು ನಮ್ಮ ಕೈ ಹಾತೊರೆದದ್ದನ್ನೂ ಒಪ್ಪಿಕೊಳ್ಳುತ್ತೇವೆ. ಎರಡಂಕಿಯಲ್ಲಿ ಬರಬಹುದಾದುವು ಒಟ್ಟು ನೂರು ಸಂಖ್ಯೆಗಳು. ಅವುಗಳಲ್ಲಿ ೭೨ಕ್ಕೆ ರಾಗವುಂಟು. ಆದಕಾರಣ ಯಾವ ಹೆಸರನ್ನು ಹಿಡಿದರೂ ಹೆಚ್ಚುಕಡಮೆ ಹತ್ತರಲ್ಲಿ ಏಳು ಸಲ ರಾಗ ಸಿಕ್ಕಲೇಬೇಕು. ನಮ್ಮ ಮನೆಯ ಬೆಕ್ಕಿನ ಹೆಸರಿಗೂ ಸಿಕ್ಕಿತು. ಕಾಲವಂತೂ ಸರ್ವಥಾ ಹೊಂದುವುದಿಲ್ಲ. ಕದಂಬರ ತಾಮ್ರಶಾಸನದಲ್ಲಿಯೇ ಈ ಬೆಟ್ಟ ‘ಉಚ್ಚಶೃಂಗಿ’ಯಾಗಿ ಕಾಣಿಸುತ್ತದೆ, ಎತ್ತರವಾದ ಶಿಖರವೆಂಬುದಷ್ಟೇ ಅದರ ಅರ್ಥ. ಅದು ವೆಂಕಟಮಖಿಗೆ ಸಾವಿರ ವರ್ಷಗಳಷ್ಟು ಹಿಂದಿನ ಮಾತು.

ಹಾಗಾದರೆ ‘ಧೀರ’, ‘ಮೇಚ’ಗಳು ಸಂಖ್ಯೆಗಾಗಿಯೇ ಬಂದುವೆಂದು ಹೇಗೆ ನಂಬುವುದು? ಪದಬಂಧದಲ್ಲಿ ಅಡ್ಡಸಾಲಿನ ಉತ್ತರವನ್ನು ನೀಟಸಾಲಿನ ಉತ್ತರ ಒರೆಹಚ್ಚುತ್ತದೆಯಷ್ಟೆ? ಇಲ್ಲಿಯೂ ಹಾಗೆ. ಶಂಕರಾಭರಣ, ಕಲ್ಯಾಣಿ, ತೋಡಿ ಎಂಬ ಹಳೆಯ ಹೆಸರುಗಳಿಗೆ ಈ ಮುಂಜೋಡಣೆಗಳು ಬೇಕಾಗಿರಲಿಲ್ಲ. ಎಪ್ಪತ್ತೆರಡೂ ತಮ್ಮ ತಮ್ಮ ಸ್ಥಾನದ ಸಂಖ್ಯೆಯನ್ನೇ ಹೇಳುತ್ತವೆ. ಚಕ್ರವಾಕದಂಥ ಕೆಲವು ಒತ್ತಕ್ಷರಗಳಲ್ಲಿ ಕೊಂಚ ಸಡಿಲ ಬೇಕಾದರೂ ಕ್ರಮ ಕೆಡುವುದಿಲ್ಲ.

ಉಚ್ಚಂಗಿಗೂ ಇಂಥ ನಿಜವಾದ ಒಗಟೊಂದು ಉಂಟು. ಹೊಯ್ಸಳ ಇಮ್ಮಡಿ ಬಲ್ಲಾಳನ ಬಿರುದುಗಳಲ್ಲಿ ‘ಶನಿವಾರಸಿದ್ಧಿ’, ‘ಗಿರಿದುರ್ಗಮಲ್ಲ’ ಎಂಬೆರಡು ಒಟ್ಟೊಟ್ಟಿಗೆ ಬರುತ್ತವೆ. ಯಾವ ಶನಿವಾರ? ಯಾವ ದುರ್ಗ? ಚೋಳನು ಹನ್ನೆರಡು ವರ್ಷ ಮುತ್ತಿ ಕೈಬಿಟ್ಟ ಉಚ್ಚಂಗಿಯನ್ನು ಬಲ್ಲಾಳನು ಲೀಲೆಯಿಂದ ಹಿಡಿದನೆಂದು ಅವನ ಕಡೆಯ ಶಾಸನ ಹೊಗಳುತ್ತದೆ. ಸೋತ ಪಾಂಡ್ಯ ಕಾಮದೇವನಿಗೆ ರಾಜ್ಯವನ್ನು ಮರಳಿ ಕೊಟ್ಟ ಸಂಗತಿಯೂ ಉಂಟು. ಇದು ೧೧೭೭ರ ಸುಮಾರಿನ ಮಾತು. ಹೊಗಳಿಕೆಯಲ್ಲಿ ಅತಿಶಯವಿರಬಹುದು, ಆದರೂ ಬಿರುದಿನ ಅಕ್ಷರವನ್ನು ಯುದ್ಧದ ವರ್ಣನೆ ಅಡ್ಡಹಾಯುತ್ತದೆ. ವಿದ್ವಾಂಸರು ಆ ಚೌಕದಲ್ಲಿ ‘ಉಚ್ಚಂಗಿ’ ಎಂದು ಬರೆದದ್ದು ಅದಕ್ಕಾಗಿಯೇ.

ನಮ್ಮ ಲೇಖನದ ಕಾಗದದ ಬೆನ್ನಿಗೆ ಈಗ ಒಂದು ಪದಬಂಧವನ್ನು ಗೀಚಿದ್ದೇವೆ. ಒಂದನೆಯ ಅಡ್ಡಸಾಲು: ‘ಉಚ್ಚಂಗಿಯ ತಾಲ್ಲೂಕನ್ನು ಹಾಡಿದರೆ ಬರುವ ರಾಗ’. ಹರಿಕಾಂಭೋಜಿಯು ಚೌಕಗಳಲ್ಲಿ ಚೆನ್ನಾಗಿ ಕೂತಿದೆ. ನೀತಿಮತಿಗೆ ಇನ್ನೂ ಸ್ಥಳ ಹುಡುಕುತ್ತಿದ್ದೇವೆ.