ಹರಿಯುವ ಹರಳಿನ ಹುಡುಕಾಟ

1957ರಲ್ಲಿ ‘ಫಿಸಿಕಲ್ ರಿವ್ಯೂ’ ಪತ್ರಿಕೆಯಲ್ಲಿ ಎರಡು ಲೇಖನಗಳು ಬಂದವು. ಒಂದೇ ಸ್ಥಿತಿಯಲ್ಲಿ ಎಷ್ಟು ಬೇಕಾದರೂ ಕೂಡಬಲ್ಲ ಬೋಸಾನ್ ಕಣಗಳ ದಟ್ಟಣೆ ಹರಳಿನಲ್ಲಿರುವಂತೆ ಸಮಾನ ಅಂತರದಲ್ಲಿ ಏರಿಳಿಯಬಹುದು ಎಂದು ಯುಜೀನ್ ಗ್ರಾಸ್ ಒಂದರಲ್ಲಿ ತೋರಿಸಿದರು. ಅಂಥ ಕಣಗಳ ಕ್ವಾಂಟಂ ತುಯ್ದಾಟದಿಂದ ಒಟ್ಟು ಶಕ್ತಿಗೆ ಸೇರುವ ಪುಟ್ಟ ಮೊತ್ತವನ್ನು ಲೀ, ಹುವಾಂಗ್ ಮತ್ತು ಯಾಂಗ್ ಇನ್ನೊಂದರಲ್ಲಿ ಲೆಕ್ಕ ಹಾಕಿದರು. ಈ ಎರಡೂ ವಿಚಾರಗಳು ಪ್ರಯೋಗಶಾಲೆಯಲ್ಲಿ ಒಂದುಗೂಡಲು ಅರುವತ್ತು ವರ್ಷಗಳೇ ಬೇಕಾದವು.

ಇದಕ್ಕೆಲ್ಲ ಮೂಲ 1924ರಲ್ಲಿ ಢಾಕಾದಿಂದ ಸತ್ಯೇಂದ್ರನಾಥ ಬೋಸ್ ಐನ್‌ಸ್ಟೈನ್‌ಗೆ ಕಳಿಸಿದ ಲೇಖನ. ಐನ್‌ಸ್ಟೈನ್ ಊಹಿಸಿದ ಬೋಸ್-ಐನ್‌ಸ್ಟೈನ್ ಸಾಂದ್ರಿತವು (ಅತಿಶೀತದಲ್ಲಿ ಪರಮಾಣುಗಳೆಲ್ಲ ಒಂದೇ ಅಲೆಯಂತೆ ವರ್ತಿಸುವ ಸ್ಥಿತಿ) 1995ರಲ್ಲಿ ಅಮೆರಿಕದ ಬೌಲ್ಡರ್‌ನಲ್ಲಿ, ರುಬಿಡಿಯಂ ಅನಿಲದಲ್ಲಿ ಕೈಗೂಡಿತು. ಆದರೆ ರುಬಿಡಿಯಂ ಪರಮಾಣುವಿನ ಕಾಂತತ್ವ ತೀರಾ ದುರ್ಬಲ. ಹತ್ತಿರ ಬಂದು ಡಿಕ್ಕಿ ಹೊಡೆದಾಗ ಮಾತ್ರ ಅವು ಒಂದನ್ನೊಂದು ಗುರುತಿಸುತ್ತವೆ.

ದೂರದಿಂದಲೇ ಎಳೆಯುವ, ತಳ್ಳುವ ಪರಮಾಣುಗಳು ಬೇಕಿದ್ದವು. 2005ರಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಟಿಲ್ಮನ್ ಫಾವ್ ತಂಡ ಕ್ರೋಮಿಯಂ ಸಾಂದ್ರಿತವನ್ನು ತಯಾರಿಸಿತು. ಕ್ರೋಮಿಯಂ ಪರಮಾಣುವಿನ ಕಾಂತ ಮಹತ್ತ್ವ (ಮ್ಯಾಗ್ನೆಟಿಕ್ ಮೊಮೆಂಟ್) ರುಬಿಡಿಯಂನ ಆರು ಪಟ್ಟು, ಹಾಗಾಗಿ ಪರಮಾಣುಗಳ ನಡುವಿನ ಕಾಂತಬಲ ಮೂವತ್ತಾರು ಪಟ್ಟು. ಪರಮಾಣುಗಳ ಪರಸ್ಪರ ವಿಕರ್ಷಣೆಯನ್ನು ಹೊರಗಿನ ಕಾಂತಕ್ಷೇತ್ರದಿಂದ ತಗ್ಗಿಸಿದಾಗ ಪರಮಾಣುಗಳ ಮೋಡ ಕುಸಿದು ಸಿಡಿಯಿತು. 2008ರ ಚಿತ್ರಗಳಲ್ಲಿ ಅದು ನಾಲ್ಕೆಸಳಿನ ಹೂವಾಗಿ ಅರಳಿದ್ದು ಕಾಣುತ್ತದೆ. 2011ರಲ್ಲಿ ಬೆಂಜಮಿನ್ ಲೆವ್ ತಂಡ ಇನ್ನೂ ಪ್ರಬಲವಾದ ಡಿಸ್ಪ್ರೋಸಿಯಂ ಅನ್ನು, 2012ರಲ್ಲಿ ಆಸ್ಟ್ರಿಯದ ಇನ್ಸ್‌ಬ್ರುಕ್‌ನ ಫ್ರಾಂಚೆಸ್ಕಾ ಫೆರ್ಲೈನೊ ತಂಡ ಎರ್ಬಿಯಂ ಅನ್ನು ಪಳಗಿಸಿದವು.

ಡಿಸ್ಪ್ರೋಸಿಯಂ ಕೂಡ ಕುಸಿಯಬೇಕಿತ್ತು. ಕುಸಿಯಲಿಲ್ಲ. 2016ರಲ್ಲಿ ಪ್ರಕಟವಾದ ಸ್ಟುಟ್‌ಗಾರ್ಟ್ ಪ್ರಯೋಗದಲ್ಲಿ ವಿಕರ್ಷಣೆಯನ್ನು ಥಟ್ಟನೆ ತಗ್ಗಿಸಿದಾಗ ನುಣುಪಾಗಿದ್ದ ಮೋಡ ಪುಟ್ಟ ಹನಿಗಳಾಗಿ ಒಡೆದು, ಹನಿಗಳು ತ್ರಿಕೋನ ವಿನ್ಯಾಸದಲ್ಲಿ ನಿಂತವು. ಅಯಸ್ಕಾಂತದ ಮೇಲಿಟ್ಟ ಕಾಂತೀಯ ದ್ರವದ ಮೈಮೇಲೆ ಹಲಸಿನ ಸಿಪ್ಪೆಯಂತೆ ಮುಳ್ಳುಗಳೇಳುವುದೂ ಇಂಥದೇ ಅಸ್ಥಿರತೆಯಿಂದ. ಕುಸಿತವನ್ನು ತಡೆದು ಹನಿಗಳನ್ನು ಉಳಿಸಿದ್ದು 1957ರ ಆ ಪುಟ್ಟ ಮೊತ್ತ ಎಂಬುದು ಮುಂದಿನ ಪ್ರಯೋಗಗಳಿಂದ ಖಚಿತವಾಯಿತು.

ಆದರೆ ಹನಿಗಳು ಬಿಡಿಬಿಡಿಯಾಗಿದ್ದರೆ ಗ್ರಾಸ್ ಕಂಡ ಸ್ಥಿತಿ ಸಿದ್ಧಿಸುವುದಿಲ್ಲ. ಅವುಗಳ ನಡುವೆ ಪರಮಾಣುಗಳು ತಡೆಯಿಲ್ಲದೆ ಹರಿದಾಡಬೇಕು. ‘ಸೂಪರ್‌ಸಾಲಿಡ್’ ಎನ್ನುವುದು ಹರಳಿನಂತೆ ಜೋಡಣೆಗೊಂಡೂ ತಡೆಯಿಲ್ಲದೆ ಹರಿಯುವ ಈ ಸ್ಥಿತಿಯನ್ನೇ. ಗಟ್ಟಿ ಹೀಲಿಯಂನಲ್ಲಿ ಅದು ಸಿಕ್ಕಿತೆಂದು 2004ರಲ್ಲಿ ಪ್ರಕಟಿಸಿದ್ದ ಮೋಸೆಸ್ ಚಾನ್, 2012ರಲ್ಲಿ ತಾವೇ ಮರುಪರೀಕ್ಷೆ ಮಾಡಿ ಆ ಸುಳಿವನ್ನು ಕೈಬಿಟ್ಟಿದ್ದರು. 2019ರಲ್ಲಿ ಇಟಲಿಯ ಪೀಸಾ, ಸ್ಟುಟ್‌ಗಾರ್ಟ್ ಮತ್ತು ಇನ್ಸ್‌ಬ್ರುಕ್‌ನ ಮೂರು ತಂಡಗಳು ಕಾಂತೀಯ ಅನಿಲದಲ್ಲಿ ಅದನ್ನು ಕಂಡವು. ಕಾಂತಕ್ಷೇತ್ರದ ಬಲು ಕಿರಿದಾದ ಒಂದು ವ್ಯಾಪ್ತಿಯಲ್ಲಿ ಮಾತ್ರ ಅದು ಸಾಧ್ಯ.

ಪತ್ತೆಹಚ್ಚುವ ಬಗೆ ಸೊಗಸಾಗಿದೆ. ಪರಮಾಣುಗಳನ್ನು ಹಿಡಿದಿಟ್ಟಿರುವ ಬೆಳಕಿನ ಬಲೆಯನ್ನು ಆರಿಸಿ ಮೋಡವನ್ನು ಬಿಟ್ಟುಬಿಡುತ್ತಾರೆ. ಹನಿಗಳು ಹಿಗ್ಗಿ ಒಂದರ ಮೇಲೊಂದು ಹಾಯುವಾಗ ಪಟ್ಟೆಗಳು ಮೂಡುತ್ತವೆ. ಪ್ರಯೋಗವನ್ನು ಮತ್ತೆ ಮತ್ತೆ ಮಾಡಿದಾಗ ಪ್ರತಿ ಸಲವೂ ಪಟ್ಟೆಗಳು ಒಂದೇ ಜಾಗದಲ್ಲಿ ಬಂದರೆ ಹನಿಗಳೆಲ್ಲ ಒಂದೇ ಅಲೆಯ ಭಾಗ. ಜಾಗ ಬದಲಾಗುತ್ತಿದ್ದರೆ ನಂಟು ಕಡಿದಿದೆ.

ಈ ಸ್ಥಿತಿ ಹುಟ್ಟುವುದನ್ನೇ ಇನ್ಸ್‌ಬ್ರುಕ್ ತಂಡ 2021ರಲ್ಲಿ ಹಿಂಬಾಲಿಸಿತು. ಅನಿಲ ತಣಿಯುತ್ತ ಹೋದಂತೆ ಮೊದಲು ಹರಳಿನ ವಿನ್ಯಾಸ ಮೂಡುತ್ತದೆ, ಆಮೇಲೆ ಹನಿಗಳ ಅಲೆಗಳು ಮೇಳೈಸುತ್ತವೆ. 2024ರಲ್ಲಿ ಅದೇ ತಂಡ ಕಾಂತಕ್ಷೇತ್ರವನ್ನು ತಿರುಗಿಸಿ ಸೂಪರ್‌ಸಾಲಿಡ್ ಅನ್ನು ಕಲಕಿತು. ತಡೆಯಿಲ್ಲದ ಹರಿವಿಗೆ ಸಾಕ್ಷಿಯಾದ ಕ್ವಾಂಟಂ ಸುಳಿಗಳು ಹನಿಗಳ ನಡುವಿನ ತೆಳುವಾದ ಜಾಗದಲ್ಲಿ ಕಂಡವು.